ಹಗುರ ಕವಚ ವಾಹನದ ಸ್ಕೇಲ್ ಮಾಡೆಲ್: ಬಳ್ಳಾರಿಯ ಬಿಸಿಲು, ಧೂಳುಗಳ ನಡುವೆ ಕಟ್ಟುವ ಬಗೆ

ಟ್ಯಾಂಕಿನ ಮಾಡೆಲ್ ಕಟ್ಟುವವರಿಗೆ ಟ್ರ್ಯಾಕ್, ಟರೆಟ್, ಉದ್ದನೆಯ ಫಿರಂಗಿ ಹೀಗೆ ಕಣ್ಣು ಸೆಳೆಯುವ ಭಾಗಗಳು ಬೇಕಾದಷ್ಟಿರುತ್ತವೆ. ನಾಲ್ಕು ಗಾಲಿಯ ಹಗುರ ಕವಚ ವಾಹನದಲ್ಲಿ ಅಂಥದ್ದೇನೂ ಇಲ್ಲ. ಅದು ಬಹುಮಟ್ಟಿಗೆ ಉಕ್ಕಿನ ತಗಡುಗಳನ್ನು ಓರೆಯಾಗಿ ಬೆಸೆದ ಒಂದು ಪೆಟ್ಟಿಗೆ. ಹೀಗಾಗಿ ಇಂಥ ಮಾಡೆಲ್ ನಿಜವೆನಿಸುತ್ತದೆಯೋ ಆಟಿಕೆಯೆನಿಸುತ್ತದೆಯೋ ಎಂಬುದು ತಗಡಿನ ಅಂಚು ಎಷ್ಟು ತೆಳುವಾಗಿ ಕಾಣುತ್ತದೆ, ನಾಲ್ಕೂ ಗಾಲಿ ನೆಲಕ್ಕೆ ತಾಗಿವೆಯೇ ಎಂಬುದರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಧೂಳು ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಈ ಕೊನೆಯ ವಿಷಯದಲ್ಲಿ ಬಳ್ಳಾರಿ, ತೋರಣಗಲ್ಲು, ಸಂಡೂರು ಕಡೆಯವರಿಗೆ ಬೇರೆ ಊರಿನ ಹವ್ಯಾಸಿಗಳಿಗೆ ಇಲ್ಲದ ಅನುಕೂಲವಿದೆ. ಅದನ್ನು ಮುಂದೆ ವಿವರವಾಗಿ ಹೇಳಿದ್ದೇನೆ.

ಕಿಟ್ ಆರಿಸುವುದು

ಕಿಟ್ ಎಂದರೆ ನಾವೇ ಜೋಡಿಸಿಕೊಳ್ಳಬೇಕಾದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ. ಕವಚ ವಾಹನಗಳ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1/35, ಅಂದರೆ ಮಾಡೆಲ್‌ನ ಉದ್ದ ನಿಜವಾದ ವಾಹನದ 35ರಲ್ಲಿ ಒಂದು ಪಾಲು. ಜಪಾನಿನ ಟಾಮಿಯಾ ಕಂಪನಿಯು 1960ರ ದಶಕದ ಆರಂಭದಲ್ಲಿ ಹೊರತಂದ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟರು ಮತ್ತು ಬ್ಯಾಟರಿಗಳನ್ನು ಹಿಡಿಸುವ ಸಲುವಾಗಿ ಇಟ್ಟ ಗಾತ್ರವೇ ಮುಂದೆ ರೂಢಿಯಾಗಿ ಉಳಿದುಬಂದಿತು. 1/72 ಅಳತೆಯ ಕಿಟ್‌ಗಳು ಅಗ್ಗವಾದರೂ ಕನ್ನಡಿ, ವೈಪರ್‌ಗಳಂಥ ಭಾಗಗಳು ಅವುಗಳಲ್ಲಿ ಕೈಗೆ ಸಿಗದಷ್ಟು ಸಣ್ಣವಾಗಿರುವುದರಿಂದ ಹೊಸಬರಿಗೆ 1/35 ಅಳತೆಯೇ ಸಲೀಸು.

ಮೊದಲ ಸಲ ಕಟ್ಟುವವರು ಟಾಮಿಯಾದವರ ಜಪಾನ್ ಭೂಸೇನೆಯ ಲೈಟ್ ಆರ್ಮರ್ಡ್ ವೆಹಿಕಲ್ ಕಿಟ್ ತೆಗೆದುಕೊಳ್ಳಬಹುದು. ಆ ಕಂಪನಿಯ ಭಾಗಗಳು ಒಂದಕ್ಕೊಂದು ಚೆನ್ನಾಗಿ ಕೂರುತ್ತವೆ. ಅಕಾಡೆಮಿಯ ಎಂ1151 ಹಮ್ವೀ, ಮೆಂಗ್‌ನವರ ರಷ್ಯಾದ ಟೈಗರ್, ಟ್ರಂಪೆಟರ್‌ನ ಬಿಆರ್‌ಡಿಎಂ-2 ಕೂಡ ಇವೆ. ಈ ಬರಹದಲ್ಲಿ ಉದಾಹರಣೆಗಾಗಿ ಟೈಗರ್ ಮಾಡೆಲ್ ಎಂಬ ಕಂಪನಿ ತಯಾರಿಸಿರುವ ಫ್ರಾನ್ಸಿನ ಪನಾರ್ ವಿಬಿಎಲ್ ವಾಹನವನ್ನು ಇಟ್ಟುಕೊಂಡಿದ್ದೇನೆ. 1990ರಿಂದ ಫ್ರೆಂಚ್ ಸೇನೆಯಲ್ಲಿರುವ ಈ ವಾಹನದ ಉದ್ದ 3.8 ಮೀಟರ್, ತೂಕ 4 ಟನ್ನಿಗಿಂತ ಕಡಿಮೆ. ಹಿಂಬದಿಯಲ್ಲಿ ಚಿಕ್ಕದೊಂದು ಪ್ರೊಪೆಲರ್ ಇದ್ದು, ನೀರಿನಲ್ಲಿ ತೇಲಿಕೊಂಡು ಹೊಳೆ ದಾಟುತ್ತದೆ. ಮಾಡೆಲ್‌ನಲ್ಲಿ ಅದರ ಉದ್ದ ಸುಮಾರು 109 ಮಿಲಿಮೀಟರ್, ಅಂದರೆ ಅಂಗೈ ಮೇಲೆ ಕೂರುವಷ್ಟು. ಇದನ್ನೇ ಆರಿಸಿದ್ದಕ್ಕೆ ಬಣ್ಣದ ಕಾರಣವೂ ಒಂದಿದೆ, ಅದೂ ಮುಂದೆ ಬರುತ್ತದೆ.

ಬಳ್ಳಾರಿಯ ಅಂಗಡಿಗಳಲ್ಲಿ ಇಂಥ ಕಿಟ್ ಹುಡುಕಿ ಅಲೆಯುವ ಬದಲು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಿಕೊಳ್ಳುವುದು ಮೇಲು. ಬಣ್ಣದ ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ಕಳಿಸುವಂತಿಲ್ಲವಾದ್ದರಿಂದ ಅವು ರಸ್ತೆ ಮಾರ್ಗದಲ್ಲೇ ಬರಬೇಕು. ಕಿಟ್ ಬಂದ ದಿನವೇ ಬಣ್ಣವೂ ಬರುತ್ತದೆ ಎಂದು ಕಾಯಬಾರದು. ಉಳಿದ ಸಾಮಾನುಗಳಲ್ಲಿ ದುಡ್ಡು ಹಾಕಬೇಕಾದದ್ದು ಒಳ್ಳೆಯ ನಿಪ್ಪರ್ (ಭಾಗ ಕತ್ತರಿಸುವ ಇಕ್ಕಳ) ಮತ್ತು ತೆಳುವಾದ ಪ್ಲಾಸ್ಟಿಕ್ ಸಿಮೆಂಟ್ ಎಂಬ ನೀರಿನಂಥ ಅಂಟಿಗೆ ಮಾತ್ರ. ಬ್ಲೇಡ್ ಚಾಕು, ಚಿಮಟ, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್, ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್ ಎಲ್ಲವೂ ಊರಲ್ಲೇ ಸಿಗುತ್ತವೆ.

ಬಿಸಿಲಿನ ಲೆಕ್ಕ

ನಮ್ಮ ಕಡೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ತಮಾಷೆ ಮಾಡುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರುಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ತೆಳು ಸಿಮೆಂಟು ಬ್ರಷ್‌ನಿಂದ ಭಾಗಕ್ಕೆ ಇಳಿಯುವ ಮೊದಲೇ ಆರಿಹೋಗುತ್ತದೆ, ಅಕ್ರಿಲಿಕ್ ಬಣ್ಣ ಏರ್ ಬ್ರಷ್‌ನ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಮೂತಿಯಲ್ಲೇ ಗಟ್ಟಿಯಾಗುತ್ತದೆ. ಅಂಟು ಮತ್ತು ಬಣ್ಣದ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡು, ಕತ್ತರಿಸುವ, ಉಜ್ಜುವ ಕೆಲಸವನ್ನು ಮಧ್ಯಾಹ್ನಕ್ಕೆ ಬಿಡುವುದು ಜಾಣತನ. ಕಿಟ್ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಲೇಬಾರದು. ತೆಳುವಾದ ಭಾಗಗಳು ಸೊಟ್ಟಗಾಗುತ್ತವೆ. ಒಣ ಹವೆಯಿಂದ ಲಾಭವೂ ಉಂಟು: ಕರಾವಳಿಯ ತೇವದಲ್ಲಿ ಲ್ಯಾಕರ್ ಬಣ್ಣದ ಮೇಲೆ ಬಿಳಿ ಮಬ್ಬು ಹಿಡಿಯುವಂಥ ತೊಂದರೆ ಇಲ್ಲಿ ಅಪರೂಪ.

ಜೋಡಣೆ

ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ, ಯಾವ ಭಾಗಗಳಿಗೆ ಮೊದಲೇ ಬಣ್ಣ ಹಚ್ಚಬೇಕು ಎಂಬುದನ್ನು ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಬೇಕು. ಭಾಗಗಳನ್ನು ಸ್ಪ್ರೂ ಎಂಬ ಚೌಕಟ್ಟಿನಿಂದ ಬಿಡಿಸುವಾಗ ಒಂದೇ ಏಟಿಗೆ ಅಂಚಿಗೆ ಹೊಂದಿಸಿ ಕತ್ತರಿಸದೆ, ಮೊದಲು ದೂರದಲ್ಲಿ ಕತ್ತರಿಸಿ, ಉಳಿದ ಚೂರನ್ನು ಎರಡನೆಯ ಸಲ ತೆಗೆದು, ವಾಟರ್ ಪೇಪರಿನಲ್ಲಿ ಉಜ್ಜಬೇಕು. ಆತುರಪಟ್ಟರೆ ಪ್ಲಾಸ್ಟಿಕ್ ಕಿತ್ತುಬಂದು ಗುಳಿ ಬೀಳುತ್ತದೆ. ತೆಳು ಸಿಮೆಂಟನ್ನು ಒಂದು ಭಾಗಕ್ಕೆ ಬಳಿದು ಇನ್ನೊಂದನ್ನು ಒತ್ತುವುದಲ್ಲ, ಎರಡನ್ನೂ ಒಣಗಿದ್ದಂತೆಯೇ ಜೋಡಿಸಿ ಹಿಡಿದು ಬ್ರಷ್‌ನ ತುದಿಯನ್ನು ಸಂದಿಗೆ ತಾಗಿಸಬೇಕು. ದ್ರವ ತಾನಾಗಿಯೇ ಸಂದಿನುದ್ದಕ್ಕೂ ಹರಿದು, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಬೆರಳು ಸಂದಿಯ ಮೇಲಿದ್ದರೆ ಅದರ ಅಡಿಗೂ ಹರಿದು ಬೆರಳಚ್ಚು ಶಾಶ್ವತವಾಗಿ ಮೂಡುತ್ತದೆ ಎಂಬುದು ಮಾತ್ರ ನೆನಪಿರಲಿ. ಸಣ್ಣ ಬಿರುಕು ತುಂಬಲು ಸ್ಪ್ರೂ ಚೂರುಗಳನ್ನು ಅದೇ ಸಿಮೆಂಟಿನಲ್ಲಿ ಕರಗಿಸಿದ ಗೊಜ್ಜು ಸಾಕು.

ಗಾಲಿಗಳ ಹಂತದಲ್ಲಿ ಅವಸರ ಕೂಡದು. ಅಡುಗೆಮನೆಯ ಕಟ್ಟೆಗೆ ಹಾಕಿಸಿ ಉಳಿದ ಗ್ರಾನೈಟ್ ತುಂಡು ಮನೆಯಲ್ಲಿ ಇದ್ದೇ ಇರುತ್ತದೆ. ಪಾಲಿಶ್ ಮಾಡಿದ ಆ ಮೇಲ್ಮೈಗಿಂತ ಸಮತಟ್ಟಾದದ್ದು ಮೇಜಿನ ಮೇಲೆ ಬೇರೊಂದು ಸಿಗದು. ಆಕ್ಸಲ್, ಸಸ್ಪೆನ್ಷನ್ ತೋಳುಗಳಿಗೆ ಅಂಟು ಹಾಕಿ, ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಗಾಲಿಗಳನ್ನು ತಾತ್ಕಾಲಿಕವಾಗಿ ತೂರಿಸಿ, ವಾಹನವನ್ನು ಗ್ರಾನೈಟಿನ ಮೇಲೆ ನಿಲ್ಲಿಸಿ, ಮೇಲೆ ಒಂದು ಸಣ್ಣ ತೂಕವಿಟ್ಟು ರಾತ್ರಿಯಿಡೀ ಬಿಡಬೇಕು. ಒಂದು ಗಾಲಿ ಕೂದಲೆಳೆಯಷ್ಟು ಮೇಲೆದ್ದಿದ್ದರೂ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಟೈರಿನ ತಳವನ್ನು ತುಸುವೇ ಉಜ್ಜಿ ಚಪ್ಪಟೆ ಮಾಡಿದರೆ ವಾಹನಕ್ಕೆ ತೂಕವಿದ್ದಂತೆ ಕಾಣುತ್ತದೆ. ಕಿಟ್‌ನಲ್ಲಿ ಮೆತ್ತನೆಯ ವಿನೈಲ್ ಟೈರುಗಳಿದ್ದರೆ ಒಳಗಿನ ಪ್ಲಾಸ್ಟಿಕ್ ಚಕ್ರಕ್ಕೆ ಮೊದಲು ಬಣ್ಣ ಹಚ್ಚಿ ಆಮೇಲೆ ತೊಡಿಸಬೇಕು, ಏಕೆಂದರೆ ಕೆಲವು ವಿನೈಲ್‌ಗಳಲ್ಲಿರುವ ಎಣ್ಣೆಯಂಥ ಅಂಶವು ವರ್ಷಗಳಲ್ಲಿ ಬರಿಯ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ.

ಇನ್ನು ಅಂಚುಗಳ ವಿಷಯ. 7 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 1/35 ಅಳತೆಯಲ್ಲಿ 0.2 ಮಿಲಿಮೀಟರ್ ಆಗುತ್ತದೆ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಭಾಗ ಅದಕ್ಕಿಂತ ಎಷ್ಟೋ ದಪ್ಪ. ಇಡೀ ಭಾಗವನ್ನು ತೆಳುವಾಗಿಸುವುದು ಬೇಕಿಲ್ಲ. ಮಡ್‌ಗಾರ್ಡ್, ಮೆಷಿನ್ ಗನ್ನಿನ ಸುತ್ತಲಿನ ಕವಚ, ತೆರೆದಿಟ್ಟ ಬಾಗಿಲು ಇವುಗಳ ಅಂಚನ್ನು ಕಾಣದ ಬದಿಯಿಂದ ಓರೆಯಾಗಿ ಹೆರೆದರೆ ಕಣ್ಣಿಗೆ ತಗಡಿನಂತೆಯೇ ತೋರುತ್ತದೆ. ಹತ್ತು ನಿಮಿಷದ ಈ ಕೆಲಸವು ದುಬಾರಿ ಹಿತ್ತಾಳೆ ಬಿಡಿಭಾಗಗಳಿಗಿಂತ ಹೆಚ್ಚಿನ ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಗುಂಡು ನಿರೋಧಕ ಗಾಜನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಗಾಜಿನ ಅಂಗಡಿಯಲ್ಲಿ ನಿಲ್ಲಿಸಿದ ಹಾಳೆಯ ಅಂಚನ್ನು ನೋಡಿದರೆ ಅದು ಹಸಿರಾಗಿರುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶವೇ ಇದಕ್ಕೆ ಕಾರಣ. ಕವಚ ವಾಹನದ ಕಿಟಕಿ ಹಲವು ಪದರದ ದಪ್ಪ ಗಾಜಾದ್ದರಿಂದ ಎದುರಿನಿಂದ ನೋಡಿದಾಗಲೂ ತಿಳಿ ಹಸಿರು ಛಾಯೆ ತೋರುತ್ತದೆ. ಟಾಮಿಯಾದ ಎಕ್ಸ್-25 ಪಾರದರ್ಶಕ ಹಸಿರನ್ನು ಥಿನ್ನರಿನಲ್ಲಿ ಬಹಳ ನೀರಾಗಿಸಿ ಒಳಬದಿಗೆ ಒಂದೇ ಲೇಪ ಕೊಟ್ಟರೆ ಆ ಛಾಯೆ ಬರುತ್ತದೆ. ಎರಡನೆಯ ಲೇಪ ಕೊಟ್ಟರೆ ಸೋಡಾ ಬಾಟಲಿಯಾಗುತ್ತದೆ. ಗಾಜನ್ನು ಅಂಟಿಸಲು ಫೆವಿಕಾಲ್ ಮಾತ್ರ ಬಳಸಬೇಕು. ಫೆವಿಕ್ವಿಕ್‌ನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಹೊಗೆ ಹಿಡಿಸುತ್ತದೆ, ಅದು ಒರೆಸಿದರೂ ಹೋಗುವುದಿಲ್ಲ. ಒಳಗಿನ ಸೀಟು, ಸ್ಟೀರಿಂಗುಗಳಿಗೆ ಹಲ್ (ವಾಹನದ ಹೊರ ಒಡಲು) ಮುಚ್ಚುವ ಮೊದಲೇ ಬಣ್ಣ ಹಚ್ಚಬೇಕಾದರೂ ಈ ಚಿಕ್ಕ ಕಿಟಕಿಗಳಿಂದ ಕಾಣುವುದು ಅಷ್ಟಕ್ಕಷ್ಟೇ, ಅಲ್ಲಿ ಬಹಳ ಹೊತ್ತು ಕಳೆಯುವುದು ಬೇಡ.

ಬಣ್ಣ

ಜೋಡಿಸಿದ ಮಾಡೆಲನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಪ್ರೈಮರ್ ಹೊಡೆಯಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ಮರದ ಗೊಂಬೆಯ ಸಂದುಗಳನ್ನು ಕಿಟ್ಟ ಎಂಬ ಅಂಟುಮುದ್ದೆಯಿಂದ ತುಂಬಿ, ಮೇಲ್ಮೈಯನ್ನು ಸಮಗೊಳಿಸಿದ ಮೇಲಷ್ಟೇ ಬಣ್ಣದ ಕುಂಚ ಎತ್ತಿಕೊಳ್ಳುವಂತೆ, ಇಲ್ಲಿಯೂ ಬಿಟ್ಟುಹೋದ ಬಿರುಕುಗಳನ್ನು ಬೂದು ಬಣ್ಣದ ಪ್ರೈಮರ್ ತೋರಿಸಿಕೊಟ್ಟ ಮೇಲೆ ಮತ್ತೆ ತುಂಬಿ, ಉಜ್ಜಿ, ಆಮೇಲೆ ಮುಂದುವರಿಯಬೇಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅನ್ನು ಬಣ್ಣಕ್ಕೆ ಬೆರೆಸಬಾರದು. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಏರ್ ಬ್ರಷ್ ತೊಳೆಯಲು ಬಳಸಬಹುದು, ಅದೂ ಕಿಟಕಿ ತೆರೆದಿಟ್ಟು, ಹತ್ತಿರದಲ್ಲಿ ದೀಪ, ಊದುಬತ್ತಿ ಇಲ್ಲದಿರುವಾಗ.

ನ್ಯಾಟೊ ದೇಶಗಳ ಮೂರು ಬಣ್ಣದ ವಿನ್ಯಾಸಕ್ಕೆ ಟಾಮಿಯಾದಲ್ಲಿ ಎಕ್ಸ್‌ಎಫ್-67 ಹಸಿರು, ಎಕ್ಸ್‌ಎಫ್-68 ಕಂದು, ಎಕ್ಸ್‌ಎಫ್-69 ಕಪ್ಪು ಎಂದು ಸಿದ್ಧ ಬಣ್ಣಗಳೇ ಇವೆ. ಸಣ್ಣ ವಸ್ತುವಿನ ಮೇಲೆ ಬಣ್ಣ ನಿಜಕ್ಕಿಂತ ಗಾಢವಾಗಿ ಕಾಣುವುದರಿಂದ ಹಸಿರು ಮತ್ತು ಕಂದಿಗೆ ತುಸು ತಿಳಿ ಕಂದು ಬೆರೆಸಿಕೊಳ್ಳುವುದು ಒಳ್ಳೆಯದು. ಟೈರಿಗೆ ಕಡುಗಪ್ಪು ಬೇಡ, ಎಕ್ಸ್‌ಎಫ್-85 ರಬ್ಬರ್ ಕಪ್ಪು ಸಾಕು. ಬಿಸಿಲ ದಿನಗಳಲ್ಲಿ ಮಾಮೂಲಿ ಥಿನ್ನರಿಗೆ ಬದಲು ಮಿಸ್ಟರ್ ಕಲರ್‌ನ ಲೆವೆಲಿಂಗ್ ಥಿನ್ನರ್ ಬಳಸಿದರೆ ಬಣ್ಣ ನಿಧಾನವಾಗಿ ಆರಿ ನಯವಾಗಿ ಹರಡುತ್ತದೆ. ಇಲ್ಲದಿದ್ದರೆ ಹನಿಗಳು ಗಾಳಿಯಲ್ಲೇ ಒಣಗಿ ಮೇಲ್ಮೈ ತರಿತರಿಯಾಗುತ್ತದೆ.

ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು, ಅಂಕಿಗಳ ತೆಳು ಚಿತ್ರ) ಅಂಟಿಸುವ ಮೊದಲು ಹೊಳಪಿನ ವಾರ್ನಿಶ್ ಕಡ್ಡಾಯ. ಮಂಕು ಬಣ್ಣದ ಮೇಲೆ ನೇರವಾಗಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ನಮ್ಮ ಹವೆಯಲ್ಲಿ ಡೀಕಾಲ್ ಬೇಗ ಒಣಗಿ ಕಚ್ಚಿಕೊಳ್ಳುವುದರಿಂದ ಸ್ಥಳ ಹೊಂದಿಸುವಷ್ಟು ಹೊತ್ತೂ ಅದರ ಅಡಿಯಲ್ಲಿ ನೀರು ಇರುವಂತೆ ನೋಡಿಕೊಳ್ಳಬೇಕು.

ಧೂಳು

ತೋರಣಗಲ್ಲಿನಿಂದ ಸಂಡೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಚಹಾ ಅಂಗಡಿಯ ಮುಂದೆ ನಿಂತ ಅದಿರು ಲಾರಿಯನ್ನು ಒಮ್ಮೆ ಸುತ್ತು ಹಾಕಿ ನೋಡಬೇಕು. ಹೆಚ್ಚಿನ ಧೂಳು ಇರುವುದು ಮುಂಭಾಗದಲ್ಲಲ್ಲ, ಹಿಂಬಾಗಿಲಿನ ಮೇಲೆ. ಓಡುವ ವಾಹನದ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಗಾಲಿಗಳು ಎಬ್ಬಿಸಿದ ಧೂಳು ಅಲ್ಲಿಗೆ ಎಳೆದುಕೊಂಡು ಬರುತ್ತದೆ. ಬಾನೆಟ್ಟಿನಂಥ ಅಡ್ಡ ಮೇಲ್ಮೈಗಳ ಮೇಲೆ ಅದು ಸಮನಾದ ಪದರವಾಗಿ, ಬೋಲ್ಟು, ಬೆಸುಗೆಗಳ ಮೂಲೆಯಲ್ಲಿ ದಪ್ಪನಾಗಿ ಕೂತಿರುತ್ತದೆ. ಡ್ರೈವರ್ ಹತ್ತಿಳಿಯುವ ಮೆಟ್ಟಿಲು, ಬಾಗಿಲ ಹಿಡಿಕೆ, ಅದರ ಸುತ್ತಲಿನ ಅಂಗೈಯಗಲ ಜಾಗ ಮಾತ್ರ ಕೈಕಾಲು ತಾಗಿ ತಾಗಿ ಸ್ವಚ್ಛವಾಗಿ, ಮಿರುಗುತ್ತಿರುತ್ತವೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಚೆಲ್ಲಿದ ಎಣ್ಣೆ ಧೂಳನ್ನು ಕಪ್ಪಾಗಿಸಿ ಕೆಳಕ್ಕೆ ಗೆರೆಯಾಗಿ ಇಳಿದಿರುತ್ತದೆ. ಮುಂಗಾಜಿನ ಮೇಲೆ ವೈಪರ್ ತಿರುಗಿದಷ್ಟು ಕಮಾನು ಮಾತ್ರ ಒರೆಸಿದಂತಿರುತ್ತದೆ. ಇವೆಲ್ಲವನ್ನೂ ಫೋಟೊ ತೆಗೆದಿಟ್ಟುಕೊಂಡರೆ ಮಾಡೆಲಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ.

ಆದರೆ ಲಾರಿಯಿಂದ ಕಲಿಯಬೇಕಾದದ್ದು ಧೂಳಿನ ನಡತೆಯನ್ನು ಮಾತ್ರ, ಬಣ್ಣವನ್ನಲ್ಲ. ಇರಾಕಿನಲ್ಲಿದ್ದ ಹಮ್ವೀ ಮೇಲೆ ಸಂಡೂರಿನ ಕೆಂಪು ಕೂತರೆ ಅದು ಸುಳ್ಳು. ಅಲ್ಲಿಯದು ಮಾಸಲು ಹಳದಿ. ನಮ್ಮ ಕೆಂಪಿಗೆ ಹತ್ತಿರದ ಮಣ್ಣು ಬೇಕೆಂದರೆ ಪಶ್ಚಿಮ ಆಫ್ರಿಕಾದ ಮಾಲಿಯಂಥ ದೇಶಕ್ಕೆ ಹೋಗಬೇಕು. 2013ರಿಂದ ಅಲ್ಲಿದ್ದ ಫ್ರೆಂಚ್ ಸೇನೆ ವಿಬಿಎಲ್‌ಗಳನ್ನೂ ಒಯ್ದಿತ್ತು. ಅಲ್ಲಿನ ಲ್ಯಾಟರೈಟ್ ನೆಲವನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡೇ. ವಿಬಿಎಲ್ ಆರಿಸಲು ಹೇಳಿದ ಕಾರಣ ಇದು.

ಇನ್ನು ಸಾಮಗ್ರಿ. ರಸ್ತೆಯ ಮಣ್ಣನ್ನೇ ತಂದು ಉದುರಿಸಬಹುದಲ್ಲ ಎನ್ನಿಸುವುದು ಸಹಜ. ಅರ್ಧ ಮಿಲಿಮೀಟರಿನ ಮರಳಿನ ಕಣ 1/35 ಅಳತೆಯಲ್ಲಿ 17 ಮಿಲಿಮೀಟರಿಗೂ ದೊಡ್ಡ ಜಲ್ಲಿಕಲ್ಲಾಗುತ್ತದೆ. ಮಣ್ಣನ್ನು ಕುಟ್ಟಿ, ಎರಡು ಮಡಿಕೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿ ಹಿಡಿದು, ಕೆಳಗೆ ಉದುರಿದ ಹಿಟ್ಟಿನಂಥ ಪುಡಿಯನ್ನಷ್ಟೇ ಬಳಸಬೇಕು. ಅದಕ್ಕಿಂತ ಸುಲಭದ್ದು ಕಿರಾಣಿ ಅಂಗಡಿಯ ಮುಲ್ತಾನಿ ಮಿಟ್ಟಿ: ನುಣ್ಣಗಿದ್ದು, ಮರುಭೂಮಿಯ ಧೂಳಿನ ಬಣ್ಣದಲ್ಲೇ ಇರುತ್ತದೆ. ಅದಕ್ಕೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯನ್ನು ಒಂದು ಚಿಟಿಕೆ ಬೆರೆಸಿದರೆ ಲ್ಯಾಟರೈಟ್ ಬಣ್ಣ ಬರುತ್ತದೆ. ಸಂಡೂರಿನ ಹೆಮಟೈಟ್ ಅದಿರೂ ಈ ಪುಡಿಯೂ ರಾಸಾಯನಿಕವಾಗಿ ಒಂದೇ. ಚಿಟಿಕೆಗಿಂತ ಹೆಚ್ಚಾದರೆ ವಾಹನ ಕುಂಕುಮದಲ್ಲಿ ಮಿಂದಂತಾಗುತ್ತದೆ. ನಗರದ ಹಾಳು ಕಟ್ಟಡಗಳ ನಡುವಿನ ದೃಶ್ಯಕ್ಕೆ ಸಿಮೆಂಟಿನ ಬೂದು ಧೂಳು ಬೇಕಾದರೆ ರಾಯಚೂರಿನವರಿಗೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇದ್ದೇ ಇದೆ. ಯಾವ ಪುಡಿಯಾದರೂ ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಕೆಲಸ ಮಾಡಬೇಕು.

ಧೂಳಿಗೆ ಮೊದಲು ವಾಶ್, ಅಂದರೆ ಸಂದಿಗಳನ್ನು ಎತ್ತಿತೋರಿಸುವ ತೆಳು ಗಾಢ ಬಣ್ಣ. ಚಿತ್ರಕಲೆಯ ಎಣ್ಣೆ ಬಣ್ಣಗಳಲ್ಲಿ ಬರ್ನ್ಟ್ ಅಂಬರ್‌ಗೆ ಚೂರು ಕಪ್ಪು ಸೇರಿಸಿ, ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳುವಾಗಿಸಿ, ಬೋಲ್ಟು, ಬಾಗಿಲ ಸಂದಿಗಳಿಗೆ ಮಾತ್ರ ತಾಗಿಸಬೇಕು. ಇಡೀ ವಾಹನವನ್ನು ಅದರಲ್ಲಿ ಅದ್ದಿದಂತೆ ಬಳಿದರೆ ಬಣ್ಣ ಕೊಳಕಾಗುವುದಲ್ಲದೆ ಅಂಟಿಸಿದ ಭಾಗಗಳು ಬಿರಿಯುವುದೂ ಉಂಟು. ಅದು ಒಣಗಿದ ಮೇಲೆ ಮಂಕು ವಾರ್ನಿಶ್ ಹೊಡೆಯಬೇಕು, ಹೊಳಪಿನ ಮೇಲೆ ಪುಡಿ ನಿಲ್ಲದು. ಮುಂಗಾಜಿನ ಮೇಲೆ ವೈಪರಿನ ಕಮಾನಿನಾಕಾರಕ್ಕೆ ಟೇಪ್ ಕತ್ತರಿಸಿ ಅಂಟಿಸಿ, ಒಣ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ತಳಭಾಗ, ಹಿಂಬದಿ, ಮೂಲೆಗಳಿಗೆ ಇಟ್ಟು, ಇನ್ನೊಂದು ಬ್ರಷ್‌ನಿಂದ ಟರ್ಪೆಂಟೈನಿನ ಒಂದು ಹನಿಯನ್ನು ಪಕ್ಕದಲ್ಲಿ ತಾಗಿಸಿದರೆ ಅದು ಪುಡಿಯೊಳಗೆ ತಾನೇ ಹೀರಿಕೊಳ್ಳುತ್ತದೆ. ಒದ್ದೆ ಇರುವಾಗ ಎಲ್ಲವೂ ಕಡು ಕಂದಾಗಿ ಕಂಡು ಗಾಬರಿಯಾಗುತ್ತದೆ. ಒಣಗಿದ ಮೇಲೆ ತಿಳಿಯಾಗುತ್ತದೆ, ಅಲ್ಲಿಯವರೆಗೆ ಕೈ ಹಚ್ಚಬಾರದು. ಆಮೇಲೆ ಹಿಡಿಕೆ, ಮೆಟ್ಟಿಲು, ಹ್ಯಾಚ್ (ಮಾಡಿನ ಬಾಗಿಲು) ಅಂಚುಗಳನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿ ಸ್ವಚ್ಛ ಮಾಡಬೇಕು. ಪುಡಿಯ ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಮಾಡಿದ್ದೆಲ್ಲ ಮಾಯವಾಗುತ್ತದೆ.

ತುಕ್ಕಿನ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಸೇವೆಯಲ್ಲಿರುವ ವಾಹನ ಗುಜರಿಯ ಸಾಮಾನಲ್ಲ. ಸೈನಿಕರು ಅದನ್ನು ನಿತ್ಯ ನೋಡಿಕೊಳ್ಳುತ್ತಾರೆ. ವಿಬಿಎಲ್‌ನ ಹಲ್ ಉಕ್ಕಿನದಾದ್ದರಿಂದ ಬಣ್ಣ ಕಿತ್ತ ಕಡೆ ಒಂದೆರಡು ಕಡುಗಂದು ಚುಕ್ಕೆಗಳು ಸಾಕು, ಬೆಳ್ಳಿ ಬಣ್ಣದ ಗೀರುಗಳು ಬೇಡವೇ ಬೇಡ.

ಹೊರೆ, ಗುರುತು, ಪೆಟ್ಟಿಗೆ

ಮರೆಮಾಚುವ ಬಲೆಗೆ ಔಷಧ ಅಂಗಡಿಯ ಬ್ಯಾಂಡೇಜ್ ಬಟ್ಟೆಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸುತ್ತಿ ಇಡಬಹುದು. ಟಾರ್ಪಾಲಿಗೆ ಟಿಶ್ಯೂ ಕಾಗದ, ಹಾಸಿಗೆ ಸುರುಳಿಗೆ ಎಂ-ಸೀಲ್. ಆಂಟೆನಾಕ್ಕೆ ಸ್ಪ್ರೂ ತುಂಡನ್ನು ಮೇಣದ ಬತ್ತಿಯ ಮೇಲೆ, ಉರಿಗೆ ತಾಗದಂತೆ ತಿರುಗಿಸುತ್ತ, ನಡುಭಾಗ ಮೆತ್ತಗಾಗಿ ಜೋತುಬಿದ್ದಾಗ ಹೊರತೆಗೆದು ಎರಡೂ ಕಡೆ ಮೆಲ್ಲನೆ ಎಳೆದರೆ ಕೂದಲಿನಷ್ಟು ಸಪೂರ ಎಳೆ ಬರುತ್ತದೆ. ನೆಲಹಾಸಿಗೆ ಎರೆ ಮಣ್ಣನ್ನು ದಪ್ಪವಾಗಿ ಹಾಕಬಾರದು. ಹೊಲದಲ್ಲಿ ಬಿರಿಯುವ ಹಾಗೆಯೇ ಮೇಜಿನ ಮೇಲೂ ಬಿರಿದು ಏಳುತ್ತದೆ. ಮಸಾರಿ ಮಣ್ಣಿಗೆ ಆ ಕಾಟವಿಲ್ಲ.

ಭಾರತದ ವಾಹನವೇ ಬೇಕೆನ್ನುವವರು ಬಿಆರ್‌ಡಿಎಂ-2 ಕಿಟ್‌ನಿಂದಲೋ ಝ್ವೆಜ್ದಾ ಕಂಪನಿಯ ಬಿಎಂಪಿ-2 ಕಿಟ್‌ನಿಂದಲೋ ತೊಡಗಬಹುದು. ಎರಡನೆಯದು ಹಗುರ ವರ್ಗಕ್ಕಿಂತ ದೊಡ್ಡದು, ಟ್ರ್ಯಾಕ್‌ಗಳ ಮೇಲೆ ಓಡುವಂಥದ್ದು, ತೆಲಂಗಾಣದ ಮೆದಕ್ ಕಾರ್ಖಾನೆಯಲ್ಲಿ ಸರಥ್ ಎಂಬ ಹೆಸರಿನಲ್ಲಿ ತಯಾರಾಗುತ್ತದೆ. 2021ರಲ್ಲಿ 1,300 ಸಂಖ್ಯೆಯಲ್ಲಿ ಸೇನೆ ಖರೀದಿಗೆ ಒಪ್ಪಂದ ಮಾಡಿಕೊಂಡ ಮಹೀಂದ್ರಾದ ಹಗುರ ವಾಹನವನ್ನು ಮಾಡುವ ಆಸೆಯಿದ್ದವರು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟುವ ಕೆಲಸಕ್ಕೆ ಸಿದ್ಧರಾಗಬೇಕು. ನಮ್ಮ ಸೇನೆಯ ನಂಬರ್ ಪ್ಲೇಟಿನಲ್ಲಿ ಮೊದಲು ಮೇಲ್ಮುಖ ಬಾಣ, ನಂತರ ವಾಹನ ಸೇರ್ಪಡೆಯಾದ ವರ್ಷದ ಎರಡು ಅಂಕಿ ಬರುತ್ತವೆ. ಇದನ್ನು ತಪ್ಪಿದರೆ ತಿಳಿದವರು ತಕ್ಷಣ ಗುರುತಿಸುತ್ತಾರೆ. ಗಣರಾಜ್ಯೋತ್ಸವದ ಪಥಸಂಚಲನದ ಫೋಟೊ ನೋಡಿ ಕಟ್ಟುವುದಾದರೆ ಮೇಲೆ ಹೇಳಿದ ಧೂಳಿನ ಅಧ್ಯಾಯವನ್ನು ಪೂರ್ತಿ ಬಿಟ್ಟುಬಿಡಬೇಕು, ಏಕೆಂದರೆ ಅಲ್ಲಿಗೆ ಬರುವ ವಾಹನಗಳು ತೊಳೆದು, ಟೈರಿಗೂ ಬಣ್ಣ ಬಳಿದು ಬಂದವು.

ಮುಗಿದ ಮಾಡೆಲನ್ನು ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಬಯಲಲ್ಲಿಟ್ಟರೆ ಊರಿನ ಧೂಳು ನಾವು ಕೂರಿಸಿದ ಧೂಳಿನ ಮೇಲೆ ಕೂತು, ಅದನ್ನು ಒರೆಸಲು ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಪೆಟ್ಟಿಗೆ ಮಾಡಿಸುವಾಗ ಆಂಟೆನಾದ ಎತ್ತರವನ್ನು ಸೇರಿಸಿ ಅಳತೆ ಕೊಡಬೇಕು.